ಆಮೆ, ಉಡ ಮುಟ್ಟದೆ ಲೇಔಟಿನ ಪೊದೆ ತೆಗೆದ ಬಗೆ

ಹೊಲವನ್ನು ಲೇಔಟ್ ಮಾಡೋಕೆ ಅನ್ಯಕ್ರಾಂತ (ಭೂಪರಿವರ್ತನೆ) ಆದೇಶ ಸಿಕ್ಕ ಮೇಲೆ ಉಡ, ಆಮೆ ಲೆಕ್ಕ ಯಾರು ಕೇಳ್ತಾರೆ ಅಂದವರೇ ಹೆಚ್ಚು. 1972ರ ವನ್ಯಜೀವಿ ಕಾಯ್ದೆ ಪಟ್ಟಾ ಜಮೀನಿಗೂ ಅನ್ವಯ. ನಕ್ಷತ್ರ ಆಮೆ 2022ರ ತಿದ್ದುಪಡಿಯಲ್ಲಿ ಒಂದನೇ ಅನುಸೂಚಿಗೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಗೆ ಏರಿದೆ, ಉಡ ಅದಕ್ಕೂ ಮೊದಲೇ ಅಲ್ಲಿತ್ತು. ಇವುಗಳ ಬೇಟೆಗೆ ಕನಿಷ್ಠ 3 ವರ್ಷ ಜೈಲು, 25 ಸಾವಿರ ದಂಡ. ಹಿಡಿಯೋದು, ಅಟ್ಟೋದು, ಮೊಟ್ಟೆ ಹಾಳು ಮಾಡೋದು ಎಲ್ಲವೂ ಕಾಯ್ದೆಯಲ್ಲಿ 'ಬೇಟೆ'ಯೇ. ಗೋಣಿಚೀಲದಲ್ಲಿ ಗುಡ್ಡಕ್ಕೆ ಬಿಟ್ಟು ಬಂದರೂ ತಪ್ಪು. ಅದಕ್ಕೇ ನಕ್ಷೆ ಸಮೇತ ವಲಯ ಅರಣ್ಯಾಧಿಕಾರಿಗೆ ಪತ್ರ ಕೊಟ್ಟು, ಅವರು ಜಾಗ ನೋಡಿ ಒಪ್ಪಿದ ಮೇಲೆ ಮಚ್ಚು ಎತ್ತಿದ್ದು.

ಬಾಗೇಪಲ್ಲಿ ಕಡೆಯ 14 ಎಕರೆ, ಲಂಟಾನ, ಕಾರೆ, ಬಂಡೆ. ಹಳ್ಳದ ಬಫರ್, ಅಂದರೆ ದಂಡೆಗುಂಟ ಖಾಲಿ ಬಿಡೋ ಅಂಚು, ಸುಮಾರು 2 ಎಕರೆ ಹಾಗೇ ಬಿಟ್ಟೆವು. ಪೊದೆಯನ್ನು ಕೈಯಲ್ಲೇ, ಮೊಣಕಾಲು ಎತ್ತರಕ್ಕೆ ಮಾತ್ರ ಕಡಿದು 4 ದಿನ ಸುಮ್ಮನಿದ್ದೆವು. ಮರೆ ಹೋದ ಮೇಲೆ ಪ್ರಾಣಿ ತಾನಾಗೇ ಹಳ್ಳಕ್ಕೆ ಇಳಿಯುತ್ತೆ. ಆಮೇಲೆ ಹಾರೆಯಿಂದ ಒಂದೊಂದೇ ಕಲ್ಲು ಎಬ್ಬಿಸೋದು, ಕೊನೆಗೆ ರಸ್ತೆ ಕಡೆಯಿಂದ ಹಳ್ಳದ ಕಡೆಗೆ ಜೆಸಿಬಿ, ಮುಂದೆ ಇಬ್ಬರು ಕಾವಲು. ಆಮೆ ಕಂಡರೆ ಕೆಲಸ ನಿಲ್ಲಿಸಿ ಇಲಾಖೆಯವರಿಗೆ ಫೋನು.

ತೆರವಾದ ಜಾಗಕ್ಕೆ ಪ್ರಾಣಿ ವಾಪಸು ಬರದಂತೆ ಕಟ್ಟೋ ಬೇಲಿಯಲ್ಲೇ ಎರಡು ಸಲ ಎಡವಿದ್ದು. ಟೊಮೇಟೊ ಮಲ್ಚಿಂಗ್ ಶೀಟು ಅಗ್ಗ ಅಂತ ಕಟ್ಟಿದೆವು, ವಾರದಲ್ಲಿ ಗಾಳಿಗೆ ಚಿಂದಿ. ಶೇಡ್ ನೆಟ್‌ನಲ್ಲಿ ಒಂದು ಕೇರೆ ಹಾವು ಸಿಕ್ಕಿಕೊಂಡಿತು, ಬಿಡಿಸೋಕೆ ಇಲಾಖೆಯವರೇ ಬರಬೇಕಾಯ್ತು. ಕೊನೆಗೆ ನಿಂತದ್ದು ಕೃಷಿಹೊಂಡದ ಹಳೇ ಶೀಟು: ನುಣುಪು, ದಪ್ಪ. ಅರ್ಧ ಅಡಿ ಮಣ್ಣೊಳಗೆ, 2 ಅಡಿ ಮೇಲೆ. ಗೂಟ ರಸ್ತೆ ಕಡೆಗೇ ಇರಲಿ. ಹಳ್ಳದ ಕಡೆ ಇದ್ದರೆ ಉಡ ಅದನ್ನೇ ಹಿಡಿದು ಹತ್ತುತ್ತೆ. ಜೆಸಿಬಿ ಮುಂದೆ ಹೋದಷ್ಟೂ ಬೇಲಿ ಅದರ ಹಿಂದೆ ಸರಿಯಬೇಕು, ಇಲ್ಲದಿದ್ದರೆ ತೆರವಾದ ಜಾಗಕ್ಕೆ ರಾತ್ರಿ ಕಪ್ಪೆಗಳು ವಾಪಸು.

ಹುತ್ತ ಒಡೆಯಲಿಲ್ಲ. ಉಡ ಮಳೆಗಾಲದಲ್ಲಿ ಅಲ್ಲಿ ಮೊಟ್ಟೆ ಇಡುತ್ತೆ, ಮರಿ ಹೊರಬರೋಕೆ ತಿಂಗಳುಗಟ್ಟಲೆ ಬೇಕು. 3 ಹುತ್ತಗಳನ್ನು ಪಾರ್ಕಿನ ಜಾಗಕ್ಕೆ ಸೇರಿಸಿ ನಕ್ಷೆಯನ್ನೇ ಬದಲಿಸಿದೆವು. ಜೀವಂತ ಬಿಲ ಗುರುತಿಸೋ ಬಗೆ ಇಲ್ಲಿ ಬರೆಯಲ್ಲ, ಆಮೆ ಕದ್ದು ಮಾರೋರೂ ಓದ್ತಾರೆ.

ಬಫರ್‌ನಲ್ಲಿ ಪ್ರಾಣಿಗಳಿಗೆ ಮರೆಯಾಗಲಿ ಅಂತ ಒಡೆದ ಮಡಕೆಗಳನ್ನು ಅರ್ಧ ಹೂತು ನೋಡಿದೆವು. ಹತ್ತರಲ್ಲಿ ಆರರಲ್ಲಿ ಕಪ್ಪೆ ಕೂತಿದ್ದವು. ಫಿನಾಯಿಲ್ ಸುರಿದರೆ ಹಾವು ಹೋಗುತ್ತೆ ಅನ್ನೋದು ಸುಳ್ಳು, ನೀರು ಕೆಡುತ್ತೆ ಅಷ್ಟೇ.

ಮೊದಲ ಮಳೆಗೆ ಚರಂಡಿ ಚೇಂಬರ್‌ಗೆ ತೋಡಿದ ಗುಂಡಿಗಳಲ್ಲಿ ಕಪ್ಪೆಗಳು ಬಿದ್ದವು. ಪ್ರತಿ ಗುಂಡಿಗೆ ಗೋಣಿ ಸುತ್ತಿದ ಹಲಗೆ ಓರೆಯಾಗಿ ಇಟ್ಟ ಮೇಲೆ ತಾವೇ ಹತ್ತಿ ಹೋದವು.

ಕೂಲಿ, ಶೀಟು, ಜೆಸಿಬಿ ನಿಧಾನಕ್ಕೆ ಹೆಚ್ಚಾದ ಗಂಟೆ ಸೇರಿ ಸುಮಾರು 1.75 ಲಕ್ಷ ಹೆಚ್ಚುವರಿ. ಮಾರೋ ಜಾಗಕ್ಕೆ ಹಂಚಿದರೆ ಚದರಡಿಗೆ ಒಂದು ರೂಪಾಯಿಯೂ ಬೀಳಲಿಲ್ಲ, ಕೆಲಸವೂ ಒಂದೇ ಒಂದು ದಿನ ಕಾನೂನಿನಿಂದ ನಿಲ್ಲಲಿಲ್ಲ.