ಕುಣಿದಾಡುವ ನಾಯಿಯನ್ನು ಚಾರಿಟಿ ವಾಕ್‌ಗೆ ಕರೆದುಕೊಂಡು ಹೋಗುವುದು ಹೇಗೆ?

ಎಲ್ಲಿ ನೋಡಿದರೂ ನಾಯಿ, ಅದರ ಎರಡರಷ್ಟು ಜನ, ಕಿವಿ ಕಿತ್ತುಹೋಗುವ ಮೈಕ್, ಟೀ ಶರ್ಟ್ ಹಂಚುವ ಕಡೆ ನೂಕುನುಗ್ಗಲು. ಪ್ರಾಣಿಗಳಿಗಾಗಿ ಹಣ ಸೇರಿಸುವ ವಾಕ್ ಅಂದರೆ ಇದೇ ಅಲ್ವಾ. ಸಾಧು ನಾಯಿಗೇ ಇದೆಲ್ಲ ಸ್ವಲ್ಪ ಜಾಸ್ತಿ. ಇನ್ನು ಗೇಟಿನ ಸದ್ದಾದರೆ ಸಾಕು ಸೋಫಾ ಮೇಲಿಂದ ಹಾರುವ, ಮನೆಗೆ ಬಂದ ನೆಂಟರ ಎದೆಗೆ ಎರಡೂ ಮುಂಗಾಲು ಹಾಕಿ ಕನ್ನಡಕ ಬೀಳಿಸುವ ನಾಯಿಯ ಕಥೆ ಕೇಳಬೇಕೇ? ಹಾಗಂತ ಮನೆಯಲ್ಲೇ ಬಿಟ್ಟು ಹೋಗಬೇಕು ಅಂತೇನಿಲ್ಲ. ಒಂದು ವಿಷಯ ಮಾತ್ರ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ನೀವು ದುಡ್ಡು ಕಟ್ಟಿದ ಕ್ಷಣಕ್ಕೇ ಚಾರಿಟಿ ಕೆಲಸ ಮುಗಿಯಿತು. ನಿಮ್ಮ ನಾಯಿ ಮೂರು ಕಿಲೋಮೀಟರ್ ಪೂರ್ತಿ ನಡೆಯಿತೋ ಮುನ್ನೂರು ಮೀಟರಿಗೇ ವಾಪಸ್ ಬಂತೋ, ಶೆಲ್ಟರ್‌ನಲ್ಲಿರುವ ನಾಯಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಪ್ರಾಣಿಗಳ ಹೆಸರಲ್ಲಿ ಹೊರಟು ಸ್ವಂತ ನಾಯಿಯನ್ನು ಗೋಳುಹೊಯ್ದುಕೊಳ್ಳುವುದು ಬೇಡ.

ನಾನು ಬೆಂಗಳೂರಿನ ಕಬ್ಬನ್ ಪಾರ್ಕನ್ನೇ ಲೆಕ್ಕಕ್ಕೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಭಾನುವಾರ ಅಲ್ಲಿ ಒಳಗಿನ ರಸ್ತೆಗಳಿಗೆ ಗಾಡಿ ಬಿಡುವುದಿಲ್ಲ, ಮರಗಳ ನೆರಳಿದೆ, ಬೇಡ ಅನಿಸಿದರೆ ಪಕ್ಕಕ್ಕೆ ಸರಿದು ನಿಲ್ಲಲು ಬೇಕಾದಷ್ಟು ಜಾಗ ಇದೆ. ಬೇರೆ ಊರಿನ ಪಾರ್ಕಿಗೂ ಇವೇ ಮಾತು ನಡೆಯುತ್ತವೆ.

ಮೊದಲನೆಯದಾಗಿ, ನಿಮ್ಮ ನಾಯಿ ಖುಷಿಗೆ ಕುಣಿಯುತ್ತಿದೆಯೋ ಭಯಕ್ಕೆ ಕುಣಿಯುತ್ತಿದೆಯೋ ನೋಡಿಕೊಳ್ಳಿ. ದೂರದಿಂದ ಎರಡೂ ಒಂದೇ ಥರ ಕಾಣುತ್ತದೆ. ಖುಷಿಯ ನಾಯಿಯ ಮೈ ಸಡಿಲವಾಗಿರುತ್ತದೆ, ಬಾಲದ ಜೊತೆ ಸೊಂಟವೂ ಅಲ್ಲಾಡುತ್ತದೆ. ಹೆದರಿದ ನಾಯಿ ಬೊಗಳುತ್ತಲೇ ಹಿಂದಕ್ಕೆ ಸರಿಯುತ್ತದೆ, ಬಾಯಿಯಲ್ಲಿ ತಿಂಡಿ ಇಲ್ಲದಿದ್ದರೂ ತುಟಿ ನೆಕ್ಕುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಕಣ್ಣಿನ ಬಿಳಿ ಭಾಗ ಕಾಣುವ ಹಾಗೆ ಓರೆನೋಟ ಬೀರುತ್ತದೆ. ಈ ಎರಡನೇ ಥರದ್ದನ್ನು ದಯವಿಟ್ಟು ಕರೆತರಬೇಡಿ. ಲಸಿಕೆ ಪೂರ್ತಿ ಆಗದ ಮರಿ, ಬೆದೆಗೆ ಬಂದ ಹೆಣ್ಣು ನಾಯಿ, ಕೆಮ್ಮು ಭೇದಿ ಇರುವ ನಾಯಿ ಇವೂ ಬೇಡ. ನೀವೊಬ್ಬರೇ ಬಂದು ನಡೆಯಬಹುದಲ್ಲ, ಯಾರೂ ಬೇಡ ಅನ್ನುವುದಿಲ್ಲ. ಬರುವಾಗ ಹಳೇ ಬೆಡ್‌ಶೀಟು, ಟವಲು, ಪೇಪರು ಗಂಟು ಕಟ್ಟಿ ತನ್ನಿ, ಶೆಲ್ಟರ್‌ನವರಿಗೆ ಇವು ಎಷ್ಟಿದ್ದರೂ ಬೇಕು.

ಕರೆದುಕೊಂಡು ಹೋಗುವುದೇ ಖಾತ್ರಿ ಆದರೆ ತಯಾರಿ ಮೂರು ನಾಲ್ಕು ವಾರ ಮುಂಚೆಯೇ ಶುರುವಾಗಬೇಕು. ಹಿಂದಿನ ದಿನ ಸಂಜೆ ಯೂಟ್ಯೂಬ್ ನೋಡಿ ಕಲಿಸುತ್ತೇನೆ ಅಂದರೆ ಆಗುವ ಕೆಲಸವಲ್ಲ. ಕಲಿಸಬೇಕಾದ್ದು ತುಂಬಾ ಏನಿಲ್ಲ, ಎರಡೇ. ಒಂದು, ಕರೆದ ಕೂಡಲೇ ನಿಮ್ಮ ಮುಖ ನೋಡುವುದು. ಇನ್ನೊಂದು, ನಡೆಯುತ್ತಿದ್ದ ಹಾಗೇ ನಿಮ್ಮ ಜೊತೆ ಹಿಂದಕ್ಕೆ ತಿರುಗುವುದು. ಮನೆಯ ಹಾಲ್‌ನಲ್ಲಿ ಶುರು ಮಾಡಿ, ಆಮೇಲೆ ಟೆರೇಸ್, ಆಮೇಲೆ ಬೀದಿ. "ನೋಡಿಲ್ಲಿ" ಅನ್ನಿ, ನೋಡಿದ ತಕ್ಷಣ ಒಂದು ಚೂರು ತಿಂಡಿ ಕೊಡಿ. ಮಾತು ಯಾವ ಭಾಷೆಯದ್ದಾದರೂ ಸರಿ, ಮನೆಯವರೆಲ್ಲ ಅದನ್ನೇ ಹೇಳಬೇಕು. ಅಮ್ಮ "ಕೂತ್ಕೋ" ಅಂದು, ಮಗ "ಸಿಟ್" ಅಂದು, ಅಪ್ಪ "ಏಯ್" ಅಂದರೆ ಪಾಪ ಅದಾದರೂ ಏನು ಮಾಡೀತು.

ಬೀದಿಯಲ್ಲಿ ಬೇರೆ ನಾಯಿ ಕಂಡಾಗ ಅಭ್ಯಾಸ ಮಾಡುವುದು ಹೀಗೆ. ನಿಮ್ಮ ನಾಯಿ ಅದನ್ನು ನೋಡಿದೆ, ಆದರೆ ಇನ್ನೂ ಎಳೆಯಲು ಶುರು ಮಾಡಿಲ್ಲ, ಅಷ್ಟು ದೂರದಲ್ಲಿ ನಿಲ್ಲಿ. ಕೆಲವು ನಾಯಿಗೆ ಅದು ಹತ್ತು ಅಡಿ, ಕೆಲವಕ್ಕೆ ಇಡೀ ರಸ್ತೆ. ಅಲ್ಲಿ ನಿಂತು ತಿಂಡಿ ಕೊಡುತ್ತಾ ಇರಿ, ಆ ನಾಯಿ ದಾಟಿ ಹೋದ ಮೇಲೆ ತಿಂಡಿಯೂ ನಿಲ್ಲಲಿ. ದಿನ ಕಳೆದಂತೆ ಅಂತರ ತಾನೇ ಕಮ್ಮಿಯಾಗುತ್ತದೆ. ಮುಧೋಳ ನಾಯಿ ಸಾಕಿದವರಿಗೆ ಬೇರೆ ತಲೆನೋವಿದೆ. ಅದು ಕಣ್ಣಲ್ಲೇ ಬೇಟೆ ಹುಡುಕುವ ತಳಿ, ನಾಯಿಗಳನ್ನು ಬಿಟ್ಟು ಅಳಿಲಿನ ಹಿಂದೆ ಹೊರಟುಬಿಡುತ್ತದೆ, ಅದೂ ನೀವು ರೆಪ್ಪೆ ಬಡಿಯುವುದರೊಳಗೆ. ಕಬ್ಬನ್ ಪಾರ್ಕಿನಲ್ಲಿ ಅಳಿಲಿಗೆ ಬರವಿಲ್ಲ.

ಸಾಮಾನಿನ ವಿಷಯಕ್ಕೆ ಬರೋಣ. ಕತ್ತಿನ ಬೆಲ್ಟಿಗೆ ಚೈನ್ ಸಿಕ್ಕಿಸಿ ಎಳೆದಾಡಿದರೆ ನಾಯಿಗೆ ಉಸಿರು ಕಟ್ಟುತ್ತದೆ, ಆದರೂ ಎಳೆಯುವುದು ಮಾತ್ರ ನಿಲ್ಲುವುದಿಲ್ಲ. ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್, ಅಂದರೆ ಎದೆ ಬೆನ್ನು ಬಳಸಿ ತೊಡಿಸುವ ಪಟ್ಟಿ, ತೆಗೆದುಕೊಳ್ಳಿ. ನಾಯಿ ಮುನ್ನುಗ್ಗಿದರೆ ಅದರ ಮೈಯೇ ನಿಮ್ಮ ಕಡೆ ತಿರುಗುತ್ತದೆ. ಲೀಶ್ ಐದಾರು ಅಡಿ ಇದ್ದರೆ ಸಾಕು. ಬಟನ್ ಒತ್ತಿದರೆ ಸರ್ರನೆ ಉದ್ದವಾಗುವ ಲೀಶ್ ಇಂಥ ಜಾಗಕ್ಕೆ ಬೇಡವೇ ಬೇಡ, ಆ ತೆಳ್ಳಗಿನ ದಾರ ಜನರ ಕಾಲಿಗೆ ಸುತ್ತಿಕೊಂಡರೆ ಚರ್ಮ ಕುಯ್ಯುತ್ತದೆ. ಲೀಶನ್ನು ಕೈಗೆ ಸುತ್ತಿಕೊಳ್ಳಬೇಡಿ, ಹೆಬ್ಬೆರಳಿಗೆ ಕುಣಿಕೆ ಹಾಕಿ ಅಂಗೈಯಲ್ಲಿ ಮಡಚಿ ಹಿಡಿಯಿರಿ. ಹೊಸ ಹಾರ್ನೆಸ್ಸನ್ನು ಅದೇ ದಿನ ಮೊದಲ ಸಲ ತೊಡಿಸಬೇಡಿ. ಕಂಕುಳಲ್ಲಿ ಉಜ್ಜಿ ಗಾಯವಾಗುತ್ತದೆ, ಸಡಿಲವಿದ್ದರೆ ಹಿಮ್ಮೆಟ್ಟಿ ನುಸುಳಿಕೊಂಡೂ ಹೋಗುತ್ತದೆ. ಫೋನ್ ನಂಬರ್ ಕೆತ್ತಿದ ಬಿಲ್ಲೆ ಇರಲಿ. ಲೀಶಿಗೆ ಹಳದಿ ರಿಬ್ಬನ್ ಕಟ್ಟಿದರೆ "ಹತ್ತಿರ ಬರಬೇಡಿ, ಜಾಗ ಕೊಡಿ" ಅಂತ ಅರ್ಥ, ಹಲವು ದೇಶಗಳಲ್ಲಿ ಈ ರೂಢಿ ಇದೆ. ನಮ್ಮಲ್ಲಿ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ, ಬಾಯಲ್ಲೂ ಹೇಳಬೇಕಾಗುತ್ತದೆ.

ತಿಂಡಿ ಮಾತ್ರ ಜೋರಾಗಿರಲಿ. ದಿನಾ ತಿನ್ನುವ ಒಣ ಪೆಡಿಗ್ರಿ ಕಾಳಿಗೆ ಆ ಗಲಾಟೆಯಲ್ಲಿ ಯಾವ ನಾಯಿಯೂ ತಿರುಗಿ ನೋಡುವುದಿಲ್ಲ. ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿಯನ್ನು ಕಡಲೆಕಾಳಿನಷ್ಟು ಸಣ್ಣಗೆ ಹರಿದು ಡಬ್ಬಿಗೆ ತುಂಬಿ. ಸಸ್ಯಾಹಾರಿಗಳ ಮನೆಯಾದರೆ ಪನೀರ್, ಬೇಯಿಸಿದ ಗೆಣಸು. ಅಲ್ಲಿ ಹಂಚುವ ಮನುಷ್ಯರ ತಿಂಡಿಯ ಮೇಲೆ ಒಂದು ಕಣ್ಣಿಡಿ. ಖಾರಾಬಾತಿನಲ್ಲಿ ಈರುಳ್ಳಿ, ಕೇಸರಿಬಾತಿನಲ್ಲಿ ಒಣದ್ರಾಕ್ಷಿ, ಎರಡೂ ನಾಯಿಗೆ ವಿಷ. ಯಾರೋ ತಿಂದು ಬಿಸಾಡಿದ ದೊನ್ನೆ ಹುಲ್ಲಿನ ಮೇಲೆ ಬಿದ್ದಿರುತ್ತದೆ, ನಿಮಗಿಂತ ಮುಂಚೆ ಅದಕ್ಕೇ ಗೊತ್ತಾಗುತ್ತದೆ.

ವಾಕ್ ದಿನ ಬೆಳಗ್ಗೆ ಹೊಟ್ಟೆ ತುಂಬ ಊಟ ಹಾಕಬೇಡಿ. ದೊಡ್ಡ ತಳಿಗಳಲ್ಲಿ ತಿಂದ ತಕ್ಷಣ ಓಡಾಡಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ, ಅದು ಜೀವಕ್ಕೇ ಕುತ್ತು. ಎರಡು ಗಂಟೆ ಮುಂಚೆ ಸ್ವಲ್ಪ ಕೊಟ್ಟರೆ ಸಾಕು. "ಮೊದಲೇ ಚೆನ್ನಾಗಿ ಓಡಿಸಿ ಸುಸ್ತು ಮಾಡಿ ಕರ್ಕೊಂಡು ಬನ್ನಿ" ಅಂತ ಬುದ್ಧಿ ಹೇಳುವವರು ಸಿಗುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ. ಬಾಲ್ ಎಸೆದು ಓಡಿಸಿದರೆ ನಾಯಿ ಇನ್ನಷ್ಟು ಏರಿಕೊಳ್ಳುತ್ತದೆಯೇ ಹೊರತು ಇಳಿಯುವುದಿಲ್ಲ. ಮನೆಯ ಹತ್ತಿರವೇ ಕಾಲು ಗಂಟೆ ಆರಾಮಾಗಿ, ಅದಕ್ಕೆ ಬೇಕಾದಷ್ಟು ಮೂಸಲು ಬಿಟ್ಟು ನಡೆಸಿ. ಮೂಸುವುದರಿಂದಲೇ ನಾಯಿ ತಣ್ಣಗಾಗುತ್ತದೆ. ಹೊಟ್ಟೆಯೂ ಅಲ್ಲೇ ಖಾಲಿಯಾದರೆ ಒಳ್ಳೆಯದು.

ಆದರೂ ಮಲ ಎತ್ತುವ ಕವರ್ ಎರಡು ಮೂರು ಜೇಬಿನಲ್ಲಿರಲಿ. 2022ರಲ್ಲಿ ತೋಟಗಾರಿಕೆ ಇಲಾಖೆ ಕಬ್ಬನ್ ಪಾರ್ಕಿಗೆ ಸಾಕುನಾಯಿಗಳನ್ನೇ ಬಿಡುವುದಿಲ್ಲ ಎಂದು ಹೊರಟಿತ್ತು. ಲೀಶ್ ಹಾಕದೆ ಬಿಡುತ್ತಾರೆ, ಗಲೀಜು ಎತ್ತುವುದಿಲ್ಲ ಅನ್ನುವುದೇ ಅದಕ್ಕೆ ಕಾರಣ. ವಿರೋಧ ಬಂದ ಮೇಲೆ ಅದು ನಿಂತಿತು. ಮತ್ತೆ ಆ ಮಾತು ಏಳುವುದು ಬೇಡ ಅಲ್ವಾ.

ಸ್ಥಳಕ್ಕೆ ಹೋದ ಮೇಲೆ ನೇರ ಗುಂಪಿಗೆ ನುಗ್ಗಬೇಡಿ. ಒಬ್ಬರು ನಾಯಿ ಹಿಡಿದು ದೂರದ ಮರದ ಕೆಳಗೆ ನಿಲ್ಲಿ, ಇನ್ನೊಬ್ಬರು ಹೋಗಿ ರಿಜಿಸ್ಟ್ರೇಷನ್, ಟೀ ಶರ್ಟ್ ಎಲ್ಲ ಮುಗಿಸಿ ಬರಲಿ. ಇಬ್ಬರು ಹೋಗಲೇಬೇಕು, ಇದರಲ್ಲಿ ರಾಜಿ ಬೇಡ. ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡದ ಸುತ್ತಲಿನಂಥ ತೆರೆದ ಜಾಗವಾದರೆ ಅನುಕೂಲ, ಬಾಲಭವನದ ಕಡೆ ಬೇಡ. ಅಲ್ಲಿ ಪುಟಾಣಿ ರೈಲು, ಓಡಾಡುವ ಮಕ್ಕಳು, ಕೈಯಲ್ಲಿ ಐಸ್‌ಕ್ರೀಂ, ನಿಮ್ಮ ನಾಯಿಗೆ ಇನ್ನೇನು ಬೇಕು. ಬಾವುಟ ತೋರಿಸಿ ಶುರು ಮಾಡುವಾಗ ಚಪ್ಪಾಳೆ, ತಮಟೆ ಎಲ್ಲ ಇರಬಹುದು. ಗುಂಪು ಮುಂದೆ ಹೋಗಲಿ. ಎಲ್ಲರೂ ಹೊರಟು ಐದು ನಿಮಿಷ ಆದ ಮೇಲೆ ಕೊನೆಯಲ್ಲಿ ನೀವು ಹೊರಡಿ. ಮುಂದಿನವರ ಹಿಂಭಾಗ ನೋಡುತ್ತಾ ನಡೆಯುವುದು ನಾಯಿಗೆ ಸುಲಭ, ಎದುರಿಗೆ ಮುಖಾಮುಖಿ ಬಂದಾಗಲೇ ರಗಳೆ. ಎದುರಿಂದ ನಾಯಿ ಬಂದರೆ ನೇರ ಹೋಗದೆ ಬಿಲ್ಲಿನ ಹಾಗೆ ಸುತ್ತು ಹಾಕಿ ದಾಟಿ.

ಒಂದು ಗುರುತು ಹೇಳುತ್ತೇನೆ, ಇದಕ್ಕಿಂತ ಒಳ್ಳೆಯ ಮೀಟರ್ ಬೇರೆ ಇಲ್ಲ. ಮನೆಯಲ್ಲಿ ನಮ್ಮ ಬ್ರೂನೋ ಕೋಳಿ ಚೂರನ್ನು ತುಟಿಯಲ್ಲೇ ಮೆತ್ತಗೆ ಎತ್ತಿಕೊಳ್ಳುತ್ತಾನೆ. ಗಲಾಟೆ ಏರಿದ ಹಾಗೆ ಅದೇ ಚೂರಿನ ಜೊತೆ ನನ್ನ ಬೆರಳಿಗೂ ಹಲ್ಲು ತಾಗುತ್ತದೆ. ಇನ್ನೂ ಏರಿದರೆ ಚೂರು ಮೂಗಿಗೆ ತಾಗಿಸಿದರೂ ಕೆಳಗೆ ಬೀಳುತ್ತದೆ, ಅವನ ಕಣ್ಣು ಇನ್ನೆಲ್ಲೋ. ಹಲ್ಲು ತಾಗಿದಾಗಲೇ ಪಕ್ಕಕ್ಕೆ ಸರಿಯಬೇಕು. ಹುಲ್ಲಿನ ಮೇಲೆ ಒಂದು ಹಿಡಿ ತಿಂಡಿ ಚೆಲ್ಲಿ, ಮೂಗು ನೆಲಕ್ಕಿಟ್ಟು ಹುಡುಕಲಿ. ಬೀಳಿಸುವ ಹಂತಕ್ಕೆ ಬಂದರೆ ಮನೆ ದಾರಿ ಹಿಡಿಯಿರಿ, ಅಲ್ಲಿ ಯಾವ ಆಜ್ಞೆಯೂ ಕಿವಿಗೆ ಬೀಳುವುದಿಲ್ಲ.

ನಾಯಿಗಿಂತ ಕಷ್ಟ ಕೊಡುವವರು ಮನುಷ್ಯರು. "ಅಯ್ಯೋ ಹಾರಲಿ ಬಿಡಿ, ನಂಗೆ ನಾಯಿ ಅಂದ್ರೆ ಪ್ರಾಣ" ಅಂತ ಎರಡೂ ಕೈ ಚಾಚಿ ಬರುವವರು ನಿಮ್ಮ ತಿಂಗಳ ಪಾಠವನ್ನು ಒಂದೇ ನಿಮಿಷದಲ್ಲಿ ಹಾಳು ಮಾಡುತ್ತಾರೆ. "ಟ್ರೈನಿಂಗ್ ನಡೀತಿದೆ ಸರ್, ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮುಟ್ಟಿ" ಅನ್ನಿ. ಇನ್ನೊಂದು ಜಾತಿ "ನಮ್ದು ಏನೂ ಮಾಡಲ್ಲ" ಅನ್ನುತ್ತಾ ಲೀಶ್ ಸಡಿಲ ಬಿಟ್ಟುಕೊಂಡು ಬರುವವರು. "ನಮ್ದು ಮಾಡುತ್ತೆ ಮೇಡಂ" ಅಂದರೆ ಜಾಗ ತಾನಾಗೇ ಆಗುತ್ತದೆ, ಸುಳ್ಳಾದರೂ ಪರವಾಗಿಲ್ಲ. ದತ್ತು ಕೊಡಲು ತಂದ ಬೀದಿನಾಯಿ ಮರಿಗಳ ಸ್ಟಾಲಿನ ಹತ್ತಿರ ನಿಮ್ಮ ನಾಯಿಯನ್ನು ಬಿಡಬೇಡಿ. ಅವು ಮೊದಲೇ ಹೆದರಿರುತ್ತವೆ, ಲಸಿಕೆಯೂ ಮುಗಿದಿರುವುದಿಲ್ಲ.

ಎರಡು ನಾಯಿ ಕಚ್ಚಾಡಲು ಬಿದ್ದರೆ ಕೈ ಮಧ್ಯೆ ಹಾಕಬೇಡಿ. ಮುಖಕ್ಕೆ ಬಾಟಲಿ ನೀರು ಎರಚಿ. ಯಾರಿಗಾದರೂ ಹಲ್ಲು ನಾಟಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾಯಿಗೆ ರೇಬಿಸ್ ಚುಚ್ಚುಮದ್ದು ಆಗಿದೆ ಅಂತ ಸುಮ್ನೆ ಕೂರುವ ಹಾಗಿಲ್ಲ.

ಬಿಸಿಲು ಇನ್ನೊಂದು ವಿಷಯ. ನಾಯಿ ಬೆವರುವುದಿಲ್ಲ, ಪಾದದಲ್ಲಿ ಒಂಚೂರು ಬಿಟ್ಟರೆ ಇಲ್ಲವೇ ಇಲ್ಲ, ತೇಕುತ್ತಾ ಮೈ ತಂಪು ಮಾಡಿಕೊಳ್ಳಬೇಕು. ಕುಣಿದಾಡುವ ನಾಯಿ ನಡಿಗೆ ಶುರುವಾಗುವ ಮುಂಚೆಯೇ ತೇಕುತ್ತಿರುತ್ತದೆ, ಆದ್ದರಿಂದ ಬೇಗ ಕಾಯುತ್ತದೆ. ಪಗ್, ಶಿಟ್ಜು, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವಕ್ಕಂತೂ ಇನ್ನೂ ಕಷ್ಟ. ಟಾರಿನ ಮೇಲೆ ಅಂಗೈ ಹಿಂಭಾಗ ಏಳು ಸೆಕೆಂಡ್ ಇಡಲು ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಜೊಲ್ಲು ಅಂಟಂಟಾಗಿ, ವಸಡು ಕೆಂಪಾಗಿ, ನಡಿಗೆ ತಪ್ಪಿದರೆ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತಲೇ ಡಾಕ್ಟರ ಹತ್ತಿರ ಓಡಿ.

ಮನೆಗೆ ಬಂದ ಮೇಲೆ ಕಿವಿ ಮಡಿಕೆ, ಬೆರಳ ಸಂದು, ಕಂಕುಳು ಬಿಡಿಸಿ ರಕ್ತ ಹೀರುವ ಉಣ್ಣೆ ಹುಳು ಹುಡುಕಿ, ಪಾರ್ಕಿನ ಹುಲ್ಲಿನಲ್ಲಿ ಅವು ಇದ್ದೇ ಇರುತ್ತವೆ, ಉಣ್ಣೆ ಜ್ವರ ಬಂದರೆ ವಾರಗಟ್ಟಲೆ ಔಷಧಿ. ಮಾರನೇ ದಿನ ನಾಯಿ ಸಣ್ಣ ಸದ್ದಿಗೂ ಎದ್ದು ಬೊಗಳಬಹುದು, ಹಿಂದಿನ ದಿನದ ಏರು ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಬೈಯಬೇಡಿ. ಸೋಮವಾರ ಬಾಲ್ ಆಟ ಇಲ್ಲ, ನೆಂಟರಿಲ್ಲ, ಓಣಿಯ ಕೊನೆವರೆಗೆ ಒಂದು ನಿಧಾನದ ನಡಿಗೆ ಸಾಕು.