ಪವರ್‌ಶೆಲ್: ಆರ್ಗ್ಯುಮೆಂಟ್‌ಗಳನ್ನು ಅರೇಯಲ್ಲಿ ಕೊಡಿ

ಸ್ನೇಹಿತರೇ, ಪವರ್‌ಶೆಲ್ (ಕಮಾಂಡ್ ಬರೆದು ಕಂಪ್ಯೂಟರ್ ಕೆಲಸ ಮಾಡಿಸುವ ಮೈಕ್ರೋಸಾಫ್ಟ್ ಸಾಧನ) ಸ್ಕ್ರಿಪ್ಟ್‌ನಿಂದ ಫೈಲ್ ನಕಲು ಮಾಡುವ ರೋಬೊಕಾಪಿಯಂಥ ಹೊರಗಿನ ಪ್ರೋಗ್ರಾಂ ಓಡಿಸುವಾಗ ಆರ್ಗ್ಯುಮೆಂಟ್‌ಗಳನ್ನೆಲ್ಲ (ಅಂದರೆ ಪ್ರೋಗ್ರಾಂಗೆ ಕೊಡುವ ಮಾಹಿತಿಯನ್ನೆಲ್ಲ) ಒಂದೇ ಸ್ಟ್ರಿಂಗ್‌ಗೆ ಪೋಣಿಸಬೇಡಿ. ಇಡೀ ಸಾಲು ಒಂದೇ ಆರ್ಗ್ಯುಮೆಂಟ್ ಆಗಿ ಹೋಗುತ್ತದೆ. ಒಂದು ಅರೇ (ಪಟ್ಟಿ) ಮಾಡಿ, ಫೋಲ್ಡರ್ ಹೆಸರು, ಸ್ವಿಚ್ (ಪ್ರೋಗ್ರಾಂ ಆಯ್ಕೆ) ಎಲ್ಲವನ್ನೂ ಬೇರೆಬೇರೆಯಾಗಿ ಇಡಿ. ಆಮೇಲೆ & ಚಿಹ್ನೆ, ಪ್ರೋಗ್ರಾಂ ಹೆಸರು, ಅರೇ, ಇಷ್ಟು ಸಾಕು. ಹೆಸರಿನ ನಡುವೆ ಸ್ಪೇಸ್ ಇದ್ದರೂ ಪವರ್‌ಶೆಲ್ ತಾನೇ ಕೋಟ್ ಹಾಕಿ ಕಳಿಸುತ್ತದೆ.

ಪ್ರೋಗ್ರಾಂ ಓಡಿಸುವ ಇನ್ನೊಂದು ಕಮಾಂಡ್ ಸ್ಟಾರ್ಟ್-ಪ್ರೊಸೆಸ್ ಹಾಗಲ್ಲ! ಅರೇ ಕೊಟ್ಟರೂ ನಡುವೆ ಸ್ಪೇಸ್ ಇಟ್ಟು ಅಂಟಿಸುತ್ತದೆ ಅಷ್ಟೇ, ಕೋಟ್ ನೀವೇ ಸೇರಿಸಬೇಕು. ಮೊದಲು ಹೇಳಿದ ಚಿಹ್ನೆಯ ವಿಧಾನದಲ್ಲಿ ಆರ್ಗ್ಯುಮೆಂಟ್ ಒಳಗೇ ಡಬಲ್ ಕೋಟ್ ಇದ್ದರೆ (ಜೇಸನ್ ಎಂಬ ಮಾದರಿಯ ಡೇಟಾ ಕಳಿಸುವಾಗ ಇದು ಸಾಮಾನ್ಯ) ಪವರ್‌ಶೆಲ್ 5.1 ಆವೃತ್ತಿಯಲ್ಲಿ ಪ್ರತಿ ಕೋಟ್‌ಗೂ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಬೇಕು, 7.3ರಿಂದ ಈಚೆಗೆ ಸಾಮಾನ್ಯವಾಗಿ ಬೇಕಿಲ್ಲ. ಸ್ಟ್ರಿಂಗ್ ಅನ್ನೇ ಕಮಾಂಡ್ ಆಗಿ ಓಡಿಸುವ ಇನ್ವೋಕ್-ಎಕ್ಸ್‌ಪ್ರೆಶನ್ ಮಾತ್ರ ದಯವಿಟ್ಟು ಮುಟ್ಟಬೇಡಿ, ಹೊರಗಿನಿಂದ ಬಂದ ಹೆಸರಲ್ಲಿ ಕಮಾಂಡ್ ಅಡಗಿದ್ದರೆ ಅದೂ ಓಡಿಬಿಡುತ್ತದೆ.