ಎರಡು ಮಳೆಗಾಲ ದಾಟಿದ ನನ್ನ ಒಡವೆ ಸ್ಟ್ಯಾಂಡ್

ನಮ್ಮ ಕೊಡಗಿನ ಕೈಲ್ ಮುಹೂರ್ತ ಹಬ್ಬದ ಹಿಂದಿನ ದಿನ ಅತ್ತೆ ಸ್ಟ್ಯಾಂಡಿನಿಂದ ಬೆಳ್ಳಿ ಕಾಲ್ಗೆಜ್ಜೆ ತೆಗೆದರು. ಸೆರಗಿನಲ್ಲಿ ಒರೆಸಿ ನೋಡಿದರು. ಕಪ್ಪು ಹತ್ತಲಿಲ್ಲ. ಇನ್ನೊಮ್ಮೆ ಒರೆಸಿದರು. "ಪರವಾಗಿಲ್ಲ" ಅಂದರು. ಐದು ವರ್ಷದಿಂದ ನನ್ನ ಕಾಫಿ ಕಾಂಡದ ಸ್ಟ್ಯಾಂಡುಗಳನ್ನು ಸೌದೆ ಅಂತಲೇ ಕರೆಯುತ್ತಿದ್ದವರು ಅವರು.

ನಮ್ಮ ಮನೆ ಚೆಟ್ಟಳ್ಳಿ ಕಡೆ. ಜೂನ್ ಬಂತೆಂದರೆ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ, ಅಗ್ಗಿಷ್ಟಿಕೆ ಮೇಲೆ ಬುಟ್ಟಿ ಕವುಚಿ ಬಟ್ಟೆ ಒಣಗಿಸಬೇಕು. ಇಂಥ ಹವೆಯಲ್ಲಿ ಒಡವೆಯನ್ನು ತೆರೆದ ಸ್ಟ್ಯಾಂಡಿನಲ್ಲಿ ತೂಗುಹಾಕುವುದು ಹುಚ್ಚು ಅಂತ ಎಲ್ಲರೂ ಹೇಳಿದರು. ಈಗ 2024, 2025 ಎರಡೂ ಮಳೆ ಕಳೆದಿದೆ. ತಿಂಗಳಿಗೊಮ್ಮೆ ಒಣ ಹತ್ತಿ ಬಟ್ಟೆಯಿಂದ ಒರೆಸಿದ್ದೇನೆ, ಅಷ್ಟೇ. ಮರಕ್ಕೆ ಬೂಷ್ಟು ಇಲ್ಲ, ಹುಳ ಇಲ್ಲ, ಬೆಳ್ಳಿ ಬೆಳ್ಳಿಯಾಗಿಯೇ ಇದೆ. ಸ್ಟ್ಯಾಂಡಿಗೆ ಬಳಸಿದ್ದು ಹೆಚ್ಚಾಗಿ ಮನೆಯ ಹಿಂದೆ ಬಿದ್ದಿದ್ದ ಸಾಮಾನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಾಗಿದ್ದು 2020ರ ಲಾಕ್‌ಡೌನಿನಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಕಾಂಡಕೊರಕ ಹುಳ ಬಿದ್ದ ಅರೇಬಿಕಾ ಕಾಫಿ ಗಿಡಗಳನ್ನು ಕಿತ್ತು ರಾಶಿ ಹಾಕಿದ್ದೆವು. ಸುಡುವ ಮೊದಲು ಚಂದದ ತಿರುವು ಇರುವ ನಾಲ್ಕು ಕಾಂಡ ಎತ್ತಿಟ್ಟುಕೊಂಡೆ. ತೊಗಟೆ ಹೆರೆದು, ಉಜ್ಜಿ, ವಾರ್ನಿಷ್ ಹೊಡೆದು ಕೋಣೆಯಲ್ಲಿ ನಿಲ್ಲಿಸಿದೆ. ಏಪ್ರಿಲ್ ಕೊನೆಗೆ ಸ್ಟ್ಯಾಂಡಿನ ಬುಡದಲ್ಲಿ ಹಳದಿ ಹುಡಿ ಬೀಳತೊಡಗಿತು. ಆಮೇಲೆ ಒಂದು ಬೆಳಿಗ್ಗೆ ಕಿಟಕಿ ಗಾಜಿನ ಮೇಲೆ ಉದ್ದ ಮೀಸೆಯ ದುಂಬಿ. ಕಾಂಡದಲ್ಲಿ ದುಂಡನೆಯ ತೂತು. ತೋಟ ಇರುವವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್-ಮೇ ಒಂದು ಸಲ, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು ಸಲ ಕಾಂಡಕೊರಕ ದುಂಬಿಯಾಗಿ ಹೊರಗೆ ಬಂದು ಹಾರುತ್ತದೆ. ಕಿತ್ತ ಗಿಡವನ್ನು ಸುಡಬೇಕು ಅನ್ನುವುದು ಅದಕ್ಕೇ. ಮಾವ ನಾಲ್ಕನ್ನೂ ತೆಗೆದುಕೊಂಡು ಹೋಗಿ ಒಲೆಗೆ ಹಾಕಿದರು. ಒಂದು ಮಾತೂ ಆಡಲಿಲ್ಲ. ಪಕ್ಕದ ತೋಟದಲ್ಲಿ ಎಳೆ ಅರೇಬಿಕಾ ಇತ್ತು. ಅಲ್ಲಿಗೆ ಹೋಗಿ ಮೊಟ್ಟೆ ಇಟ್ಟಿದ್ದರೆ ನಾನು ಅವರ ಮುಖ ನೋಡುವ ಹಾಗಿರಲಿಲ್ಲ. ಈಗ ಯಾರು ಅರೇಬಿಕಾ ಕಾಂಡ ಬೇಕು ಅಂದರೂ ಬೇಡ ಅನ್ನುತ್ತೇನೆ. ರೋಬಸ್ಟಾ ಕಾಫಿಯ ಕಾಂಡ ಸಾಕು. ಆ ಹುಳ ಅದರ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ.

ರೋಬಸ್ಟಾ ಯಾಕೆ ಇಷ್ಟ ಅಂದರೆ ಇನ್ನೊಂದು ಕಾರಣ ಇದೆ. ಕಾಫಿ ಗಿಡದಲ್ಲಿ ಅಡ್ಡರೆಂಬೆ ಜೋಡಿ ಜೋಡಿಯಾಗಿ, ಎದುರುಬದುರಾಗಿ ಬರುತ್ತದೆ ಅಲ್ವಾ. ಆ ರೆಂಬೆಗಳನ್ನು ಬುಡಕ್ಕೆ ಕತ್ತರಿಸದೆ ಎರಡು ಇಂಚು ಬಿಟ್ಟರೆ ಅದೇ ಕೊಕ್ಕೆ. ತೂತು ಕೊರೆಯುವುದು ಬೇಡ, ಗೂಟ ಬಡಿಯುವುದು ಬೇಡ. ಮೊಳೆಯೇ ಇಲ್ಲದ ಮೇಲೆ ತುಕ್ಕು ಎಲ್ಲಿಂದ ಬರಬೇಕು? ಇದು ನನಗೆ ಹೊಳೆದದ್ದು ಎರಡನೆಯ ಸ್ಟ್ಯಾಂಡ್ ಮಾಡುವಾಗ. ಬೇರೆ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ. ಎಲ್ಲರೂ ಕಾಫಿ ಬೊಡ್ಡೆಯನ್ನು ಟೀಪಾಯಿ ಕಾಲಿಗೆ ಹಾಕುತ್ತಾರೆ. ಮೇಲಿನ ಮೂರು ಅಡಿ, ಅಲ್ಲೇ ಈ ಜೋಡಿ ಕೊಕ್ಕೆಗಳು ಇರುವುದು, ಅದನ್ನು ಸುಮ್ನೆ ಒಲೆಗೆ ಹಾಕುತ್ತಾರೆ.

ಆ ಎರಡನೆಯ ಸ್ಟ್ಯಾಂಡೇ ನನಗೆ ಜಾಸ್ತಿ ನಷ್ಟ ಮಾಡಿದ್ದು. ನೋಡಲು ಚಂದ ಇತ್ತು. ಸರ ಜಾರಿ ಬೀಳುತ್ತದೆ ಅಂತ ಪ್ರತಿ ಕೊಕ್ಕೆಗೂ ಹಳೆ ಸೈಕಲ್ ಟ್ಯೂಬ್ ಸಣ್ಣಗೆ ಸೀಳಿ ಸುತ್ತಿದೆ. ಹೊಳಪಿಗೆ ಜೇನುಮೇಣವನ್ನು ತೆಂಗಿನ ಎಣ್ಣೆಯಲ್ಲಿ ಕರಗಿಸಿ ಹಚ್ಚಿದೆ. ಮೂರು ವಾರದಲ್ಲಿ ಕಾಲ್ಗೆಜ್ಜೆ, ಎರಡು ಬೆಳ್ಳಿ ಸರ, ನನ್ನ ತಂಗಿಯ ಬೆಳ್ಳಿ ಬಳೆ ಎಲ್ಲವೂ ಕಪ್ಪು. ಅದೂ ಟ್ಯೂಬಿಗೆ ತಗುಲಿದ ಜಾಗದಲ್ಲಿ ಕಾಡಿಗೆಯ ಹಾಗೆ. ರಬ್ಬರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿಗೆ ಅದೇ ಶತ್ರು. ಉಣ್ಣೆ ಬಟ್ಟೆಯೂ ಹಾಗೆಯೇ. ತೆಂಗಿನ ಎಣ್ಣೆ ಒಣಗುವ ಎಣ್ಣೆ ಅಲ್ಲ. ಜುಲೈಗೆ ಅಂಟಂಟಾಗಿ, ಅದರ ಮೇಲೆ ಹಸಿರು ಬೂಷ್ಟು ಬಂತು. ಬೆಳ್ಳಿಯನ್ನು ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡ, ಬಿಸಿನೀರಿನಲ್ಲಿ ಸರಿ ಮಾಡಿಕೊಂಡೆ. ಕಲ್ಲು ಕೂರಿಸಿದ ಬಳೆಯನ್ನು ಮಾತ್ರ ಅಂಗಡಿಗೆ ಕೊಡಬೇಕಾಯಿತು. ಸುಮಾರು 600 ರೂಪಾಯಿ ಹೋಯಿತು. ತಂಗಿ ಮಾತು ಬಿಡಲಿಲ್ಲ ನಿಜ, ಆದರೆ ಆರು ತಿಂಗಳು ಒಡವೆ ಮಾತ್ರ ಕೊಡಲಿಲ್ಲ.

ಮೂರನೆಯದರಲ್ಲಿ ಆತುರ ಮಾಡಿದೆ. ಬುಡಕ್ಕೆ ಸಿಲ್ವರ್ ಓಕ್ ಮರದ ದುಂಡನೆಯ ಬಿಲ್ಲೆ ಕೊಯ್ಸಿದೆ. ಬೇಸಿಗೆಯಲ್ಲಿ ನಡುವಿನಿಂದ ಅಂಚಿನವರೆಗೆ ಹೆಬ್ಬೆರಳು ಹೋಗುವಷ್ಟು ಸೀಳು ಬಿಟ್ಟಿತು. ಇನ್ನೊಂದು ಕೊಯ್ಸಿದೆ, ಅದೂ ಸೀಳಿತು. ಮೇಲಿಂದ ಅರಗಿನ ಪಾಲಿಶ್ ಹೊಡೆದದ್ದು ಜುಲೈನಲ್ಲಿ. ತೇವಕ್ಕೆ ಅದು ಹಾಲಿನ ಹಾಗೆ ಬೆಳ್ಳಗಾಯಿತು. ಅಂಗಡಿಯವರು ಬ್ರಷ್ ಸರಿ ಇಲ್ಲ ಅಂದರು, ಹೊಸ ಬ್ರಷ್ ಕೊಂಡೆ. ಬ್ರಷ್‌ನದು ಏನೂ ತಪ್ಪಿರಲಿಲ್ಲ, ತಪ್ಪು ತಿಂಗಳಿನದು. ನಮ್ಮ ಕಡೆ ಪಾಲಿಶ್ ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು. ಈ ಮೂರರ ಖರ್ಚು ಕೂಡಿದರೆ 2,200 ರೂಪಾಯಿ ದಾಟಿರಬಹುದು. ಮೈಸೂರಿನಲ್ಲಿ ಹೊಸದೇ ಸಿಗುತ್ತಿತ್ತು, 1,200ಕ್ಕೆ. ಮನೆಯಲ್ಲಿ ಇದನ್ನು ನೆನಪಿಸದ ವಾರವೇ ಇರಲಿಲ್ಲ.

ಈಗ ನಿಂತಿರುವುದರ ಕಥೆ. ಕಾಂಡ ಕೊಯ್ದದ್ದು 2023ರ ಫೆಬ್ರವರಿ, ರೋಬಸ್ಟಾ ಕೊಯ್ಲು ಮುಗಿದು ಗಿಡ ಸವರುವಾಗ. ದಪ್ಪ ಹೆಚ್ಚುಕಡಿಮೆ ಎರಡು ಇಂಚು. ಹಸಿ ಇರುವಾಗಲೇ ತೊಗಟೆ ತೆಗೆಯಿರಿ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬರುತ್ತದೆ. ನಾಲ್ಕು ದಿನ ಬಿಟ್ಟರೆ ಉಳಿ ಹಿಡಿಯಬೇಕು. ಎರಡೂ ತುದಿಗೆ, ಪ್ರತಿ ಕೊಕ್ಕೆಯ ತುದಿಗೂ ಹಳೆ ಪೇಂಟ್ ದಪ್ಪಗೆ ಬಳಿದೆ. ತುದಿಯಿಂದ ಬೇಗ ಒಣಗಿದರೆ ಮರ ಸೀಳುತ್ತದೆ. ಆಮೇಲೆ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಂದು ವರ್ಷ ಮುಟ್ಟಲಿಲ್ಲ. ಬಿಸಿಲಿಗೆ ಇಟ್ಟಿದ್ದ ಜೊತೆಯ ಎರಡು ಕಾಂಡ ಮೇ ತಿಂಗಳಲ್ಲೇ ಬಿರುಕು ಬಿಟ್ಟವು. ಅಟ್ಟದ್ದು ಕೂದಲೆಳೆಯಷ್ಟೂ ಬಿಡಲಿಲ್ಲ. ಹೊಗೆ ತಿಂದ ಮರಕ್ಕೆ ಹುಳ ಹತ್ತುವುದಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ನಮ್ಮ ಅಟ್ಟದ ಗಳುಗಳೇ ಅದಕ್ಕೆ ಸಾಕ್ಷಿ.

ಬುಡಕ್ಕೆ ಹಲಸಿನ ರೀಪು, ಅಂದರೆ ಹಂಚಿನ ಅಡಿಗೆ ಹಾಕುವ ಮರದ ಪಟ್ಟಿ. 2018ರ ಆಗಸ್ಟ್ ಮಳೆಯಲ್ಲಿ ನಮ್ಮ ಹಳೆ ಮನೆಯ ಹಿಂಗೋಡೆ ಕುಸಿಯಿತು. ಮರುವರ್ಷ ಹಂಚು ಇಳಿಸಿ ಶೀಟ್ ಹಾಕಿದೆವು. ಆಗ ಬಿಚ್ಚಿದ ರೀಪು ಕೊಟ್ಟಿಗೆಯಲ್ಲಿ ರಾಶಿ ಇತ್ತು. ಎರಡು ಇಂಚು ಅಗಲದ್ದು ಐದು ತುಂಡು ಪಕ್ಕಪಕ್ಕ ಅಂಟಿಸಿ ಒಂಬತ್ತು-ಹತ್ತು ಇಂಚಿನ ಹಲಗೆ ಮಾಡಿದೆ. ದುಂಡು ಬಿಲ್ಲೆಯ ಹಾಗೆ ಇದು ಸೀಳುವುದಿಲ್ಲ. ಹಳೆ ಮರದಲ್ಲಿ ಮುರಿದ ಮೊಳೆ ಒಳಗೇ ಇರುತ್ತದೆ. ಬಡಗಿಯ ಪ್ಲೇನರ್ ಬ್ಲೇಡಿಗೆ ಒಂದು ಸಿಕ್ಕಿ 250 ರೂಪಾಯಿ ದಂಡ ಕಟ್ಟಿದೆ. ಈಗ ಹಳೆ ಸ್ಪೀಕರಿನ ಆಯಸ್ಕಾಂತ ಹಿಡಿದು ಪ್ರತಿ ಇಂಚೂ ಸವರುತ್ತೇನೆ. ಹಲಸಿಗೆ ಕಬ್ಬಿಣದ ಸ್ಕ್ರೂ ಬೇಡ, ತೇವ ತಗುಲಿದರೆ ಸುತ್ತ ಕಪ್ಪು ಕಲೆ ಬರುತ್ತದೆ. ಹಿತ್ತಾಳೆ ಸ್ಕ್ರೂ ಹಾಕಿ. ನಾಲ್ಕಕ್ಕೆ 40 ರೂಪಾಯಿ ಕೊಟ್ಟ ನೆನಪು.

ಐದು ಸರ ಒಂದೇ ಕಡೆ ತೂಗಿದರೆ ಸ್ಟ್ಯಾಂಡ್ ಮಗುಚುತ್ತದೆ. ಹಲಗೆ ದೊಡ್ಡದು ಮಾಡಿದರೆ ಮೇಜಿನಲ್ಲಿ ಜಾಗ ಸಾಲದು. ಕಾಫಿ ತೂಗುತ್ತಿದ್ದ ಹಳೆ ತಕ್ಕಡಿಯ ಎರಡು ಕಿಲೋ ತೂಕದ ಕಲ್ಲು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಹಲಗೆಯ ಅಡಿಗೆ ಎಂ-ಸೀಲ್ ಹಾಕಿ ಕೂರಿಸಿ, ಸುತ್ತ ರೀಪಿನ ಪಟ್ಟಿ ಕಟ್ಟಿದೆ. ಮಗಳು ಓಡುವಾಗ ಮೊಣಕೈ ತಾಗಿದರೂ ಈಗ ಅಲುಗುವುದಿಲ್ಲ.

ಬಳೆಗೆ ಮೆಣಸು ಕೊಯ್ಯುವ ಒಂಟಿ ಬಿದಿರು ಏಣಿ. ಕಾಲು ಮುರಿದ ಹಳೆಯದು ಒಂದಿತ್ತು. ಎರಡು ಆರು ಅಳತೆಯ ಬಳೆಯ ಒಳಗಿನ ಅಗಲ ಸುಮಾರು ಆರು ಸೆಂಟಿಮೀಟರ್. ಅದಕ್ಕೆ ಎರಡು ಇಂಚಿಗಿಂತ ದಪ್ಪದ ಬಿದಿರು ಬೇಡ, ಗೆಣ್ಣಿನಲ್ಲಿ ಸಿಕ್ಕಿಕೊಳ್ಳುತ್ತದೆ. ಗೆಣ್ಣನ್ನು ಸಮ ಮಾಡಲು ನನಗೆ ಅರ್ಧ ದಿನ ಹಿಡಿಯಿತು. ಹೊಸ ಬಿದಿರು ಬಳಸಿದರೆ ಹುಡಿ ಬೀಳುವ ಚಿಂತೆ. ಹತ್ತು ವರ್ಷ ಮರ ಹತ್ತಿ ಇಳಿದ ಏಣಿಗೆ ಆ ಚಿಂತೆ ಇಲ್ಲ.

ಕಿವಿಯೋಲೆಗೆ ಜೇನುಪೆಟ್ಟಿಗೆಯ ಚೌಕಟ್ಟು. 1991-92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ರೋಗ ಬಂದು ದಕ್ಷಿಣದ ಕಡೆಯೆಲ್ಲ ತುಡುವೆ ಜೇನು ಸತ್ತಿತಲ್ಲ, ಆಗ ಖಾಲಿಯಾದ ಮಾವನ ಪೆಟ್ಟಿಗೆಗಳು ಅಟ್ಟದಲ್ಲೇ ಉಳಿದಿದ್ದವು. ಆ ಪೆಟ್ಟಿಗೆಯನ್ನು ಅವರು ಮೂವತ್ತು ವರ್ಷ ಯಾರಿಗೂ ಕೊಟ್ಟಿರಲಿಲ್ಲ, ಒಡೆದೂ ಇರಲಿಲ್ಲ. ನಾನು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೇ ಎರಡು ಚೌಕಟ್ಟು ಬಿಡಿಸಿ ಕೊಟ್ಟರು. ಅಂಗೈ ಅಗಲಕ್ಕಿಂತ ತುಸು ದೊಡ್ಡದು, ಓಲೆಗೆ ಹೇಳಿ ಮಾಡಿಸಿದ ಅಳತೆ. ಮೊದಲು ಅದಕ್ಕೆ ಕಣದ ಹರಿದ ಕಾಫಿ ಜರಡಿಯ ಜಾಲರಿ ಬಿಗಿದೆ. ಹುಣಸೆ ನೀರಿನಲ್ಲಿ ನೆನೆಸಿ ತುಕ್ಕು ಬಿಡಿಸಿ, ಎರಡು ಕೋಟ್ ಲ್ಯಾಕರ್ ಹೊಡೆದರೂ ಓಲೆಯ ಕೊಕ್ಕೆಗೆ ಕಂದು ಬಣ್ಣ ಹತ್ತಿತು. ಪರಿಚಯದವರ ಕಾಫಿ ಕ್ಲೀನಿಂಗ್ ಮಿಷನ್ ರಿಪೇರಿಯಲ್ಲಿ ಮಿಕ್ಕಿದ ಸ್ಟೇನ್‌ಲೆಸ್ ಜಾಲರಿ ಸಿಕ್ಕ ಮೇಲೆ ಸರಿಹೋಯಿತು. ಗುಜರಿಯಲ್ಲಿ ಹುಡುಕುವಾಗ ಆಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ತನ್ನಿ.

ನಡುವೆ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್, ಅದರ ತಗಡಿನ ಹುಚ್ಚೂ ಹತ್ತಿತ್ತು. ಹಳೆ ಪಲ್ಪರ್ ಡ್ರಮ್ಮಿಗೆ ಸುತ್ತಿರುವ ತಾಮ್ರದ ತಗಡು, ಮೈತುಂಬ ಉಬ್ಬುಗಳು. ಉಜ್ಜಿದರೆ ಸಂಜೆಯ ಬಿಸಿಲಿನ ಬಣ್ಣ. ಓಲೆ ತೂಗಲು ಇದಕ್ಕಿಂತ ಚಂದದ್ದು ಇಲ್ಲ ಅಂದುಕೊಂಡೆ. ಮಾವ ಅದನ್ನು ಗುಜರಿಗೆ ಹಾಕೋಣ, ತಾಮ್ರಕ್ಕೆ ರೇಟಿದೆ ಅಂದರು. ಹಟ ಮಾಡಿ ಇಟ್ಟುಕೊಂಡೆ. ಮಳೆಗಾಲದಲ್ಲಿ ಹಸಿರು ಕಿಲುಬು ಬಂದು ಮುತ್ತಿನ ಓಲೆಗೆ ಕಲೆಯಾಯಿತು. ಈಗ ಅದು ಗೋಡೆಯಲ್ಲಿದೆ, ಬರೀ ನೋಡಲು. ಅಲ್ಲಿ ತುಂಬಾ ಚೆನ್ನಾಗಿದೆ.

ಪಾಲಿಶಿಗೆ ಅಗಸೆ ಎಣ್ಣೆ ಮತ್ತು ಜೇನುಮೇಣ. ಎಷ್ಟಕ್ಕೆ ಎಷ್ಟು ಅಂತ ಕೇಳಬೇಡಿ, ಅದನ್ನು ನಾನು ಹೇಳುವುದಿಲ್ಲ. ಆ ಅಳತೆ ಹಿಡಿಯಲು ಒಂದು ಇಡೀ ವರ್ಷ ಹೋಗಿದೆ. ಮೇಣಕ್ಕೆ ಮೊದಲು ಮರಕ್ಕೆ ಇನ್ನೊಂದು ಹಚ್ಚುತ್ತೇನೆ, ಅಡುಗೆಮನೆಯಲ್ಲೇ ಸಿಗುವಂಥದ್ದು, ಅದೂ ನನ್ನ ಹತ್ತಿರವೇ ಇರಲಿ. ಹೇಳಲೇಬೇಕಾದದ್ದು ಎರಡಿದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಇನ್ನೊಂದು, ಪಾಲಿಶ್ ಆದ ಮೇಲೆ ಒಂದು ತಿಂಗಳು ಗಾಳಿಗೆ ಬಿಡಿ. ವಾಸನೆ ಪೂರ್ತಿ ಹೋಗುವ ತನಕ ಒಡವೆ ಹಾಕಬೇಡಿ. ನಾನು ಮಾರ್ಚ್ ಮೊದಲಲ್ಲಿ ಹಚ್ಚಿ ಏಪ್ರಿಲ್ ಮಧ್ಯದಲ್ಲಿ ಸರ ತೂಗಿದೆ.

ಸ್ಯಾಂಡ್‌ಪೇಪರ್ 80ರಿಂದ ಶುರು ಮಾಡಿ 220ಕ್ಕೆ ನಿಲ್ಲಿಸುತ್ತೇನೆ. ನುಣುಪು ಬಂತೋ ಇಲ್ಲವೋ ಕೈಗೆ ಗೊತ್ತಾಗುವುದಿಲ್ಲ. ಹತ್ತಿಯ ಉಂಡೆ ಸವರಿ ನೋಡಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ನಿಮ್ಮ ಸಣ್ಣ ಸರವೂ ಸಿಕ್ಕಿಕೊಳ್ಳುತ್ತದೆ.

ಪಕ್ಕದ ಮನೆಯ ಕೊಡವ ಅಜ್ಜಿ ಇದನ್ನು ನೋಡಿ ಮೊಮ್ಮಗಳ ಮದುವೆಗೆ ಜೋಮಾಲೆ, ಅಂದರೆ ಕೊಡವರ ಚಿನ್ನದ ಗುಂಡಿನ ಸರ, ಇಡಲು ಒಂದು ಬೇಕು ಅಂದರು. ಜೋಮಾಲೆಯನ್ನು ನಾನು ತೂಗಲು ಬಿಡುವುದಿಲ್ಲ. ಚಿನ್ನದ ಗುಂಡಿನ ಒಳಗೆ ಅರಗು, ಪೋಣಿಸಿದ್ದು ಕಪ್ಪು ದಾರದಲ್ಲಿ. ತಿಂಗಳುಗಟ್ಟಲೆ ತೂಗಿದರೆ ದಾರ ಜಗ್ಗುತ್ತದೆ, ಗಟ್ಟಿ ಮರಕ್ಕೆ ತಾಗಿದರೆ ಗುಂಡು ನೆಗ್ಗುತ್ತದೆ. ಅವರಿಗೆ ಹಲಸಿನ ತುಂಡನ್ನು ಅರ್ಧ ದುಂಡಗೆ ಕೆತ್ತಿ, ಹತ್ತು ಸಲ ಒಗೆದು ಮೆತ್ತಗಾದ ಬಿಳಿ ಹತ್ತಿ ಪಂಚೆ ಸುತ್ತಿ ಮಲಗುವ ಹಾಗೆ ಮಾಡಿಕೊಟ್ಟೆ. ನಡುವೆ ಪತ್ತಾಕಿಗೆ, ಅಂದರೆ ಪದಕಕ್ಕೆ, ಒಂದು ಸಣ್ಣ ಗುಳಿ. ಅಜ್ಜಿ ಜೋಮಾಲೆಯನ್ನು ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿದರು. ದುಡ್ಡು ಬೇಡ ಅಂದೆ. ಮರುದಿನ ಒಂದು ಬಾಟಲಿ ಕಾಚಂಪುಳಿ, ನಮ್ಮ ಕೊಡಗಿನ ಅಡುಗೆಯ ಕಪ್ಪು ಹುಳಿ, ಬಂತು.

ಈ ಸ್ಟ್ಯಾಂಡಿಗೆ ಕೈಯಿಂದ ಹೋದದ್ದು 340 ರೂಪಾಯಿ. ಅಂಟು, ಸ್ಯಾಂಡ್‌ಪೇಪರ್, ಸ್ಕ್ರೂ, ಎಣ್ಣೆ. ಬ್ಲೇಡಿನ ದಂಡ ಬೇರೆ. ಕೆಲಸ ಎರಡೂವರೆ ದಿನ, ಒಣಗುವುದು ಒಂದು ವರ್ಷ. ಇಲ್ಲಿಯವರೆಗೆ ಹನ್ನೊಂದು ಮಾರಿದ್ದೇನೆ. ಮೊದಲ ಮೂರು 450ಕ್ಕೆ, ಆಮೇಲೆ 850. ಒಬ್ಬ ಹೋಂಸ್ಟೇಯವರು ಒಟ್ಟಿಗೆ ಇಪ್ಪತ್ತು ಕೇಳಿದರು, ಎರಡು ತಿಂಗಳಲ್ಲಿ ಬೇಕು ಅಂದರು. ಇಲ್ಲ ಅಂದೆ. ಹಸಿ ಕಾಂಡದಲ್ಲಿ ಮಾಡಿ ಕೊಟ್ಟರೆ ಮೊದಲ ಬೇಸಿಗೆಯಲ್ಲೇ ಸೀಳುತ್ತದೆ, ಆಗ ಕೆಡುವುದು ನನ್ನ ಹೆಸರು.

ಬರುವ ಫೆಬ್ರವರಿಗೆ ಕೊಯ್ಯಲು ಏಳು ಕಾಂಡ ನೋಡಿಟ್ಟು ಕೆಂಪು ಬಟ್ಟೆ ಕಟ್ಟಿ ಬಂದಿದ್ದೇನೆ. ಮೊನ್ನೆ ತೋಟಕ್ಕೆ ಹೋದಾಗ ಎಣಿಸಿದರೆ ಎಂಟಿದೆ. ಕೆರೆ ಪಕ್ಕದ ಹಳೆ ರೋಬಸ್ಟಾ, ಆರು ಜೋಡಿ ಕೊಕ್ಕೆ, ಒಂದೂ ಮುರಿದಿಲ್ಲ. ಕಟ್ಟಿದ್ದು ಅತ್ತೆಯ ಹಳೆ ಸೀರೆಯ ಅಂಚು.